ಹುಣ್ಣಿಮೆಯ ಹಸಿವು

ಎರಕದ ಕಾರ್ಖಾನೆಯ ಗೇಟಿಗೆ ಎದುರಾಗಿ ಮೆಸ್ ನಡೆಸುತ್ತಿದ್ದ ಅಕ್ಕನ ಕೈರುಚಿಯನ್ನು ವರ್ಣಿಸುತ್ತ ಕೂತರೆ ಈ ಕಥೆಗೇ ಜಾಗ ಉಳಿಯುವುದಿಲ್ಲ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅವಳು ಈರುಳ್ಳಿ ಹುರಿಯಲು ಶುರುಮಾಡಿದಳೆಂದರೆ ಕಾರ್ಖಾನೆಯೊಳಗಿನ ಕ್ರೇನು ಅರ್ಧದಲ್ಲೇ ನಿಂತುಬಿಡುತ್ತಿತ್ತು. ಕ್ರೇನಿನವನು ಮೂಗನ್ನು ಗಾಳಿಗೊಡ್ಡಿ ಕಣ್ಣು ಮುಚ್ಚಿದರೆ, ಕೆಳಗೆ ಆನೆಯಷ್ಟು ತೂಕದ ಕಬ್ಬಿಣ ಸುಮ್ಮನೆ ತೊಟ್ಟಿಲಿನಂತೆ ತೂಗುತ್ತಿತ್ತು. ನೆಗಡಿಯಾಗಿ ವಾಸನೆ ಕಳೆದುಕೊಂಡವರು ಅವಳ ಅಡುಗೆಮನೆಯ ಕಿಟಕಿಯ ಕೆಳಗೆ ಐದು ನಿಮಿಷ ನಿಂತು ಗುಣವಾಗಿ ಹೋಗುತ್ತಿದ್ದರಂತೆ. ಹಾಗೆಂದು ಅವಳೇ ಹೇಳುತ್ತಿದ್ದಳು, ನಂಬದೆ ಇರಲು ಯಾರಿಗೂ ಧೈರ್ಯವಿರಲಿಲ್ಲ.

ಆ ಮೆಸ್ಸಿಗೆ ಬೋರ್ಡು ಇರಲಿಲ್ಲ. ಬೋರ್ಡಿನ ಕೆಲಸವನ್ನು ಅವಳ ಗಂಡ ಮಾಡುತ್ತಿದ್ದ. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನು ಬಾಗಿಲ ಪಕ್ಕದ ಬೆಂಚಿನಲ್ಲಿ, ರಸ್ತೆಗೆ ಮುಖ ಮಾಡಿ ಊಟಕ್ಕೆ ಕೂರಬೇಕು ಎಂಬುದು ಅಕ್ಕನ ಕಟ್ಟಪ್ಪಣೆ. ಮದುವೆಯಾದಾಗ ಅವನು ಎಷ್ಟು ಸಣಕಲಾಗಿದ್ದನೆಂದರೆ, ಪಕ್ಕಕ್ಕೆ ತಿರುಗಿ ನಿಂತರೆ ಗೇಟಿನ ಕಾವಲುಗಾರ ರಜೆ ಎಂದು ಬರೆದುಕೊಳ್ಳುತ್ತಿದ್ದ. ಅಂಥವನು ಈಚಿನ ಕೆಲವು ವರ್ಷಗಳಲ್ಲಿ ಉಬ್ಬಿದ್ದೇ ಉಬ್ಬಿದ್ದು. ಕೆನ್ನೆಗಳು ತುಂಬಿ ಕಿವಿಗಳನ್ನು ಹಿಂದಕ್ಕೆ ತಳ್ಳಿದವು, ಗಲ್ಲ ಕೆಳಗಿಳಿದು ಕತ್ತನ್ನು ನುಂಗಿತು, ಮುಖ ಕೆಂಪಗೆ ಹೊಳೆಯತೊಡಗಿತು. ಕರೆಂಟು ಹೋದಾಗ ಅವನು ಬೀದಿಗೆ ಬಂದರೆ ಯಾರೂ ಮೇಣದಬತ್ತಿ ಹುಡುಕುತ್ತಿರಲಿಲ್ಲ. ಅದಕ್ಕೇ ಕಾರ್ಖಾನೆಯವರು ಅವನಿಗೆ ಹುಣ್ಣಿಮೆ ಎಂದು ಹೆಸರಿಟ್ಟರು.

ಮತ್ತೆ ಅವನ ಹಸಿವೋ, ಅದೊಂದು ಬೇರೆಯೇ ಅಧ್ಯಾಯ. ಅವನು ಊಟಕ್ಕೆ ಕೂತರೆ ಪಾತ್ರೆಗಳೇ ಹೆದರಿ ಸದ್ದು ಮಾಡುತ್ತಿದ್ದವು. ಎಷ್ಟು ಬಡಿಸಿದರೂ ತಟ್ಟೆ ಕನ್ನಡಿ. ಸಾಕು ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ಕೇಳಿದವರೇ ಇಲ್ಲ. ಅಕ್ಕ ಗಿರಾಕಿಗಳ ಎದುರಿಗೇ ಅವನ ಕೆನ್ನೆ ಹಿಂಡಿ, ಇದು ನನ್ನ ಸೌಟಿನ ಕೆಲಸ ನೋಡಿ ಎನ್ನುತ್ತಿದ್ದಳು. ಕತ್ತಿನ ಹಿಂದೆ ಎತ್ತಿನ ಹಿಣಿಲಿನಂತೆ ಮಾಂಸ ಬೆಳೆದಿತ್ತಲ್ಲ, ಅದು ದುಡಿಯುವ ಗಂಡಸಿನ ಲಕ್ಷಣ ಎಂದು ಅವಳೇ ತೀರ್ಪು ಕೊಟ್ಟಿದ್ದಳು. ಪಕ್ಕದ ಬೀದಿಯ ಹೆಂಗಸರು ತಮ್ಮ ಒಣಕಲು ಗಂಡಂದಿರನ್ನು ಕೈ ಹಿಡಿದು ಕರೆತಂದು ಆ ಬೆಂಚಿನಲ್ಲಿ ಕೂರಿಸಿ, ನಮ್ಮವರನ್ನೂ ಹಾಗೆ ಮಾಡಿಕೊಡಿ ಎಂದು ಕೇಳಿಕೊಂಡದ್ದುಂಟು.

ಅಕ್ಕನಿಗೆ ಇನ್ನೊಂದು ಹೆಮ್ಮೆ ಅವಳ ತಮ್ಮ. ತಾಯಿ ಬೇಗ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು, ತುತ್ತು ಮಾಡಿ ತಿನ್ನಿಸಿ ಬೆಳೆಸಿದವಳು ಅವಳೇ. ಈಗ ಅವನದು ಬೀದಿಯ ಮೂಲೆಯಲ್ಲಿ ಔಷಧಿ ಅಂಗಡಿ. ವಾರಕ್ಕೊಮ್ಮೆ ಅಕ್ಕನ ಮೆಸ್ಸಿಗೆ ಊಟಕ್ಕೆ ಬರುತ್ತಿದ್ದ. ಊಟ ಮುಗಿದ ಮೇಲೆ ಕೈ ತೊಳೆಯುವ ನಲ್ಲಿಯ ಹತ್ತಿರ ಭಾವನ ಕೈ ಹಿಡಿದು ಕುಲುಕುತ್ತಿದ್ದ. ಅದೂ ಹೇಗೆ, ಯುದ್ಧ ಮುಗಿಸಿ ಬಂದ ಇಬ್ಬರು ರಾಜರು ಸಂಧಿ ಮಾಡಿಕೊಂಡ ಹಾಗೆ, ಎರಡೂ ಕೈ ಸೇರಿಸಿ, ಬಿಗಿಯಾಗಿ, ಬಹಳ ಹೊತ್ತು. ಬೇರೆ ಮನೆಗಳಲ್ಲಿ ಭಾವ ಮೈದುನರು ಮುಖ ಕಂಡರೆ ಬಾಗಿಲು ಹಾಕಿಕೊಳ್ಳುವಾಗ, ತನ್ನ ಮನೆಯಲ್ಲಿ ಕೈ ಕುಲುಕುತ್ತಾರೆ ಎಂದು ಅಕ್ಕ ಸೌಟು ಹಿಡಿದೇ ಕಣ್ಣು ತುಂಬಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಕಾರ್ಖಾನೆಯಲ್ಲಿ ಸರಿಯಾಗಿ ಒಣಗದ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ದರು. ಒಳಗಿದ್ದ ತೇವ ಒಮ್ಮೆಗೇ ಆವಿಯಾಗಿ, ಅಚ್ಚು ಸಿಡಿದು, ಕಬ್ಬಿಣ ಮಳೆಯಂತೆ ಹಾರಿತು. ಉಳಿದವರು ಓಡಿದರು. ಹುಣ್ಣಿಮೆಗೆ ಓಡಲಾಗಲಿಲ್ಲ. ಯಾಕೆ ಓಡಲಾಗಲಿಲ್ಲ ಎಂದು ಆಗ ಯಾರೂ ಕೇಳಲಿಲ್ಲ. ಕಾಲು, ಹೊಟ್ಟೆ, ಬೆನ್ನು, ಒಂದು ತೋಳು ಎಲ್ಲ ಸುಟ್ಟುಹೋದವು. ಮುಖಕ್ಕೆ ತಾಗಿದ್ದು ಬರೀ ಝಳವಾದರೂ, ಆಸ್ಪತ್ರೆ ಸೇರುವ ಹೊತ್ತಿಗೆ ಅದು ಊದಿಕೊಂಡು ಕಣ್ಣೇ ಮುಚ್ಚಿಹೋಗಿತ್ತು. ಉಸಿರಾಟಕ್ಕೆಂದು ಗಂಟಲಿಗೆ ಕೊಳವೆ ಇಳಿಸಿದ್ದರಿಂದ ಮಾತೂ ನಿಂತಿತ್ತು.

ಸುಟ್ಟಗಾಯದ ವಾರ್ಡಿನಲ್ಲಿ ಒಳಗೆ ಕಾಲಿಡಬೇಕಾದರೆ ಟೋಪಿ, ಮಾಸ್ಕು, ಕಾಲಿನವರೆಗೆ ಇಳಿಯುವ ನೀಲಿ ಗೌನು ಹಾಕಿಕೊಳ್ಳಬೇಕು. ಒಳಗೆ ಓಡಾಡುವವರೆಲ್ಲ ಕಣ್ಣುಗಳಿರುವ ನೀಲಿ ಮೂಟೆಗಳು. ಮೊದಲ ದಿನ ಅಕ್ಕ ನೆಲ ಒರೆಸುವವನಿಗೆ ಕೈ ಮುಗಿದು, ಡಾಕ್ಟರೇ ನೀವೇ ಕಾಪಾಡಬೇಕು ಎಂದಿದ್ದಳು. ಅವನೂ ಪಾಪ, ನೋಡೋಣ ಎಂದಿದ್ದ.

ನಿಜವಾದ ಡಾಕ್ಟರು ಒಬ್ಬ ಹೆಂಗಸು. ಗೌನಿನೊಳಗೆ ಆಳಿದ್ದಾಳೋ ಇಲ್ಲ ಬಟ್ಟೆ ನೇತುಹಾಕುವ ಕಂಬವಿದೆಯೋ ಎಂದು ಅನುಮಾನ ಬರುವಷ್ಟು ತೆಳ್ಳಗೆ. ಅಕ್ಕನಿಗೆ ಅಳುವಿನ ನಡುವೆಯೂ, ಇವಳಿಗೆ ಯಾರಾದರೂ ಎರಡು ಹೊತ್ತು ಸರಿಯಾಗಿ ಊಟ ಹಾಕಬಾರದೇ ಅನ್ನಿಸಿತು. ಡಾಕ್ಟರಮ್ಮ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು. ಇವರು ದಿನಾ ತೆಗೆದುಕೊಳ್ಳುವ ಔಷಧಿ ಏನಾದರೂ ಇದೆಯೇ?

"ಔಷಧೀನಾ ಡಾಕ್ಟರಮ್ಮ? ನಮ್ಮನೆಯವರು ತಲೆನೋವಿಗೂ ಒಂದು ಮಾತ್ರೆ ನುಂಗಿದೋರಲ್ಲ. ಬೇಕಾದ್ರೆ ನನ್ನ ಒಲೆ ಮೇಲೆ ಆಣೆ ಮಾಡಿ ಹೇಳ್ತೀನಿ. ನನ್ನ ಊಟಾನೇ ಅವರಿಗೆ ಔಷಧಿ."

ತಮ್ಮ ಅವಳ ಕೈಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಎದುರಿನ ಗೋಡೆಯ ಮೇಲೆ ಕೈ ತೊಳೆಯಿರಿ ಎಂಬ ಎರಡೇ ಪದಗಳಿದ್ದವು. ಅವನು ಅದನ್ನು ಮಹಾಕಾವ್ಯ ಓದುವವನ ಹಾಗೆ ಮತ್ತೆ ಮತ್ತೆ ಓದುತ್ತಿದ್ದ.

ಮೊದಮೊದಲು ಎಲ್ಲ ಪರವಾಗಿಲ್ಲ ಎನ್ನುವ ಹಾಗೇ ಇತ್ತು. ಆಮೇಲೆ ಗಾಯಗಳಿಗೆ ಸೋಂಕು ತಗುಲಿತು, ಅಲ್ಲಿಂದ ರಕ್ತಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಅಕ್ಕ ಹೋದಾಗ ಗಂಡನ ಹಾಸಿಗೆಯ ಸುತ್ತ ನೀಲಿ ಮೂಟೆಗಳ ಜಾತ್ರೆಯೇ ನೆರೆದಿತ್ತು. ರಕ್ತದ ಒತ್ತಡ ಕುಸಿಯುತ್ತಿತ್ತು. ಅದನ್ನು ಮೇಲಕ್ಕೆತ್ತುವ ಔಷಧಿ ಒಂದು ಪಂಪಿನಿಂದ ಸಣ್ಣಗೆ ಹೋಗುತ್ತಿತ್ತು. ಅದನ್ನು ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು, ಪಕ್ಕದಲ್ಲಿ ಇನ್ನೊಂದು ಪಂಪು ಇಟ್ಟರು. ಬೆಟ್ಟ ಎತ್ತುವಷ್ಟು ಔಷಧಿ ಒಳಗೆ ಹೋದರೂ ಒತ್ತಡ ಮಾತ್ರ ಮೊಂಡು ಹಿಡಿದ ಮಗುವಿನ ಹಾಗೆ ನೆಲ ಬಿಟ್ಟು ಏಳಲಿಲ್ಲ.

ಡಾಕ್ಟರಮ್ಮ ಅಕ್ಕನನ್ನೂ ತಮ್ಮನನ್ನೂ ಹೊರಗಿನ ಚಿಕ್ಕ ಕೋಣೆಗೆ ಕರೆದರು. ಮಾಸ್ಕು ಕೆಳಗಿಳಿಸಿ, ಹೀಗೇ ಹೋದರೆ ಸಂಜೆಯವರೆಗೆ ಹಿಡಿದಿಡುವುದು ಕಷ್ಟ ಎಂದು ನೇರವಾಗಿ ಹೇಳಿದರು. ಇಂಥ ಹೊತ್ತಿನಲ್ಲಿ ಸ್ಟೀರಾಯ್ಡ್ ಎಂಬ ಔಷಧಿ ಕೆಲವರನ್ನು ಎಬ್ಬಿಸಿ ಕೂರಿಸುತ್ತದೆ, ಆದರೆ ಸುಟ್ಟ ಮೈಯವರಿಗೆ ಅದನ್ನು ಕೊಡಲು ಕೈ ನಡುಗುತ್ತದೆ ಎಂದರು. ಸೋಂಕಿಗೆ ಅದೇ ದಾರಿ ಬಿಟ್ಟುಕೊಟ್ಟೀತು, ಗಾಯ ಮಾಯುವುದನ್ನು ತಡೆದೀತು. ಅವರ ಮೇಲಿನ ದೊಡ್ಡ ಡಾಕ್ಟರಂತೂ ಬಲವಾದ ಕಾರಣವಿಲ್ಲದೆ ತನ್ನ ವಾರ್ಡಿನಲ್ಲಿ ಅದರ ಹೆಸರೆತ್ತಕೂಡದು ಎನ್ನುವವರು. ಹೇಳುತ್ತ ಹೇಳುತ್ತ ಅವರು, ಅಪಘಾತಕ್ಕೆ ಮುಂಚೆ ಇವರು ಹೇಗಿದ್ದರು, ಫೋಟೋ ಇದೆಯೇ ಎಂದು ಕೇಳಿದರು. ಈಗ ಊದಿಕೊಂಡ ಮುಖ, ಬ್ಯಾಂಡೇಜು ಸುತ್ತಿದ ಮೈ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಫೋಟೋ ಕೇಳಿದ್ದೇ ತಡ, ಅಕ್ಕನ ಮೊಬೈಲು ಹೊರಬಂತು. ಅದರಲ್ಲಿ ಗಂಡನದು ಬಿಟ್ಟು ಬೇರೆ ಫೋಟೋ ಇದ್ದರೆ ಅದು ಅವನ ತಟ್ಟೆಯದು. ಜೀವ ಬಾಯಿಗೆ ಬಂದಿದ್ದರೂ ಅವಳ ದನಿಗೆ ಹಳೆಯ ಹುರುಪು ಮರಳಿತು. ಇದು ಮದುವೆಯದು, ಕಡ್ಡಿ. ಇದು ಈಗಿನದು, ಹುಣ್ಣಿಮೆ. ಡಾಕ್ಟರಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದರು, ಪಕ್ಕದಿಂದ ತೆಗೆದದ್ದಿದೆಯೇ ಎಂದರು. ಹಸಿವು ಜಾಸ್ತಿಯಿತ್ತೇ? ಊರಿಗೇ ಗೊತ್ತು ಎಂದಳು ಅಕ್ಕ. ಕತ್ತಿನ ಹಿಂದೆ ಹೀಗೆ ಎತ್ತರವಾಗಿತ್ತೇ? ಸ್ವಲ್ಪ ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತೇ? ಅಕ್ಕ ಬೆರಗಾದಳು. ಅವನನ್ನು ಈ ಹಾಸಿಗೆಯ ಮೇಲಷ್ಟೇ ಕಂಡವಳು ಪಕ್ಕದ ಮನೆಯವಳ ಹಾಗೆ ಎಲ್ಲ ಹೇಳುತ್ತಿದ್ದಾಳಲ್ಲ.

"ಅಮ್ಮಾ, ಇದು ಊಟದಿಂದ ಬಂದ ಮುಖ ಅಲ್ಲ ಅನ್ಸುತ್ತೆ. ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ತಗೊಂಡೋರ ಮುಖ ಹೀಗಿರುತ್ತೆ."

ಅಕ್ಕನ ಕಿವಿಯಲ್ಲಿ ಕಾರ್ಖಾನೆಯ ಸೈರನ್ನು ಕೂಗಿತು. ಡಾಕ್ಟರಮ್ಮ ಸಮಾಧಾನದಿಂದಲೇ ಬಿಡಿಸಿ ಹೇಳಿದರು. ನಮ್ಮ ಮೈಯೇ ಇದನ್ನು ದಿನಾ ಸ್ವಲ್ಪ ಸ್ವಲ್ಪ ತಯಾರಿಸುತ್ತದೆ, ಆಪತ್ತು ಬಂದಾಗ ಹೆಚ್ಚು ತಯಾರಿಸುತ್ತದೆ. ಹೊರಗಿನಿಂದ ಮಾತ್ರೆ ಬರುತ್ತಲೇ ಇದ್ದರೆ ತಯಾರಿಸುವ ಗ್ರಂಥಿ ಕೆಲಸ ಬಿಟ್ಟು ಮಲಗುತ್ತದೆ. ಆಮೇಲೆ ಮಾತ್ರೆ ಇದ್ದಕ್ಕಿದ್ದಂತೆ ನಿಂತು, ಮೇಲೆ ಇಂಥ ಸೋಂಕೂ ಬಂದರೆ, ಎಷ್ಟು ಔಷಧಿ ಹಾಕಿದರೂ ಒತ್ತಡ ಏಳುವುದಿಲ್ಲ. ಹಾಗಿದ್ದರೆ ಸ್ಟೀರಾಯ್ಡ್ ಕೊಡಲು ಯೋಚಿಸುವ ಮಾತೇ ಇಲ್ಲ, ಮೈಗೆ ಸಲ್ಲಬೇಕಾದ್ದನ್ನು ವಾಪಸು ಕೊಟ್ಟಂತೆ. ಆದರೆ ನೀವು ಒಂದು ಮಾತ್ರೆಯೂ ಇಲ್ಲ ಎಂದು ಆಣೆ ಮಾಡಿದ್ದೀರಿ. ಬರೀ ಫೋಟೋ ನೋಡಿ ಹೀಗೆ ಎಂದರೆ ದೊಡ್ಡ ಡಾಕ್ಟರು ಒಪ್ಪುವುದಿಲ್ಲ. ಅವರಿಗೆ ಫೋನು ಮಾಡಿ ಬರುತ್ತೇನೆ, ಅಷ್ಟರಲ್ಲಿ ಚೆನ್ನಾಗಿ ಯೋಚನೆ ಮಾಡಿ.

ಡಾಕ್ಟರಮ್ಮ ಹೋದ ಮೇಲೆ ಅಕ್ಕ ಉರಿದುಬಿದ್ದಳು. ಕಡ್ಡಿಯಂಥವಳಿಗೆ ತುಂಬಿದ ಕೆನ್ನೆ ಕಂಡರೆ ರೋಗವೇ ಕಾಣುವುದು, ಉಂಡು ಗೊತ್ತಿದ್ದರೆ ತಾನೇ ಊಟದ ಬೆಲೆ ತಿಳಿಯುವುದು ಎಂದೆಲ್ಲ ಆಡಿದಳು. ತಮ್ಮನ ಕಡೆ ತಿರುಗಿ, ನೀನೂ ಔಷಧಿ ಅಂಗಡಿಯವನಲ್ಲವೇ, ಹೋಗಿ ಎರಡು ಮಾತು ಹೇಳು ಎಂದಳು. ಬೇರೆ ದಿನವಾಗಿದ್ದರೆ ಇವನು ಡಾಕ್ಟರಿಗೇ ವೈದ್ಯ ಹೇಳಿಕೊಡುವ ಬಾಯಿಯವನು. ಇವತ್ತು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಹುದುಗಿಸಿಕೊಂಡು ನಿಂತಿದ್ದ.

ಅಕ್ಕ ಆ ಜೇಬುಗಳನ್ನು ನೋಡಿದಳು. ಒಳಗಿದ್ದ ಕೈಗಳು ಅವಳಿಗೆ ಕಂಡವು. ನಲ್ಲಿಯ ಹತ್ತಿರ, ಬಿಗಿಯಾಗಿ, ಬಹಳ ಹೊತ್ತು ಕುಲುಕುತ್ತಿದ್ದ ಕೈಗಳು. ಬೀದಿಯಲ್ಲಿ ಬೇರೆ ಯಾವ ಭಾವ ಮೈದುನರೂ ಹಾಗೆ ವಾರವಾರ ಕೈ ಕುಲುಕುತ್ತಿರಲಿಲ್ಲ. ಯಾಕೆ ಕುಲುಕಬೇಕು? ತೊಳೆದ ಕೈಯನ್ನು ಗಂಡ ಆಮೇಲೆ ಯಾಕೆ ಅಂಗಿಯ ಜೇಬಿಗೆ ಒರೆಸಿಕೊಳ್ಳುತ್ತಿದ್ದ?

"ಕೈ ಕೊಡು," ಎಂದಳು.

ತಮ್ಮ ಕೊಡಲಿಲ್ಲ. ಅವಳೇ ಜೇಬಿನಿಂದ ಎಳೆದು ಹಿಡಿದಳು. ದೊಡ್ಡ ದೊಡ್ಡ ಪಾತ್ರೆಗಳನ್ನು ಒಬ್ಬಳೇ ಇಳಿಸುವ ಕೈ ಅದು, ಅದರ ಹಿಡಿತದಿಂದ ಎಮ್ಮೆಯೂ ಬಿಡಿಸಿಕೊಂಡು ಹೋಗಲಾರದು.

"ಭಾವನ ಕೈಗೆ ಏನು ಕೊಡ್ತಿದ್ದೆ?"

"ಮೊಣಕಾಲು ನೋವು ಅಕ್ಕಾ. ನಿಂತ್ಕೊಳ್ಳೋಕೇ ಆಗ್ತಿರ್ಲಿಲ್ಲ ಭಾವನಿಗೆ. ಅದು ಗೊತ್ತಾದ್ರೆ ಕುಲುಮೆಯಿಂದ ತೆಗೆದು ಗೇಟು ಕಾಯೋಕೆ ಹಾಕ್ತಾರೆ ಅಂತ ಹೆದರಿದ್ರು. ಒಂದಷ್ಟು ದಿನ ಅಂತ ಕೊಟ್ಟೆ. ಆಮೇಲೆ ನಿಲ್ಲಿಸೋಕೆ ಹೋದ್ರೆ ಹಾಸಿಗೆ ಬಿಟ್ಟು ಏಳೋಕೇ ಆಗ್ಲಿಲ್ಲ ಅವರಿಗೆ. ನಿಮ್ಮಕ್ಕನಿಗೆ ಹೇಳಿದ್ರೆ ನನ್ನ ಆಣೆ ಅಂದ್ರು."

"ಸುಮ್ಮನೆ ನಿಲ್ಲಿಸಬಾರದು ಅಂತ ಗೊತ್ತಿತ್ತಾ ನಿನಗೆ?"

ಅವನು ತಲೆ ತಗ್ಗಿಸಿದ. ಗೊತ್ತಿತ್ತು. ಒಂದು ದಿನವೂ ತಪ್ಪಿಸಬೇಡಿ ಎಂದು ಭಾವನಿಗೆ ಹೇಳಿದವನು ಅವನೇ.

"ಮೊದಲ ದಿನ ನಾನು ಆಣೆ ಮಾಡ್ದಾಗ ನೀನು ಪಕ್ಕದಲ್ಲೇ ಇದ್ಯಲ್ಲೋ."

"ಡಾಕ್ಟರ ಚೀಟಿ ಇಲ್ದೆ ಕೊಟ್ಟೆ ಅಂತ ಅಂಗಡಿ ಮುಚ್ಚಿಸ್ತಾರೆ ಅಕ್ಕಾ," ಎಂದ ತಮ್ಮ. ಚಿಕ್ಕವನಿದ್ದಾಗ ಲೋಟ ಒಡೆದು ಹೇಳುತ್ತಿದ್ದ ಅದೇ ದನಿಯಲ್ಲಿ.

ಬಾಗಿಲಲ್ಲಿ ನಿಂತಿದ್ದ ಸಿಸ್ಟರು, ಆಚೆ ನೆಲ ಒರೆಸುತ್ತಿದ್ದವನು, ಎಲ್ಲರೂ ಅವನ ಕೆನ್ನೆಗೆ ಬೀಳುವ ಏಟಿನ ಸದ್ದಿಗೆ ಕಾದರು. ಏಟು ಬೀಳಲಿಲ್ಲ. ಅಕ್ಕ ಬೇರೇನೋ ಯೋಚಿಸುತ್ತಿದ್ದಳು. ಕೇಳಲೋ ಬೇಡವೋ ಎಂದು ನಾಲಿಗೆಯಲ್ಲೇ ಹೊರಳಿಸಿ, ಕೊನೆಗೆ ಕೇಳಿದಳು.

"ಆ ಹಸಿವು?"

ತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೇಳಲು ಮನಸ್ಸಾಗಲಿಲ್ಲ.

"ಅದೂ ಮಾತ್ರೆದೇ ಅಕ್ಕಾ. ಅದನ್ನ ತಗೊಂಡೋರಿಗೆ ಹಾಗೇ ಹಸಿವಾಗುತ್ತೆ. ಏನು ಕೊಟ್ರೂ ತಿಂತಾರೆ."

ಏನು ಕೊಟ್ಟರೂ. ಹೊತ್ತೊತ್ತಿಗೆ ಒಲೆಯ ಮುಂದೆ ನಿಂತು, ಬೆವರು ಒರೆಸಿಕೊಳ್ಳುತ್ತ, ಬಡಿಸಿದ ತುತ್ತೊಂದೂ ಉಳಿಯದ ಆ ತಟ್ಟೆಯನ್ನು ನೋಡಿಯೇ ಹೊಟ್ಟೆ ತುಂಬಿಸಿಕೊಂಡು ಮಲಗಿದ ದಿನಗಳೆಲ್ಲ ಒಂದರ ಹಿಂದೊಂದು ಬಂದು ಅವಳೆದುರು ಹಲ್ಲು ಕಿರಿದವು. ಗಂಡ ಮೋಸ ಮಾಡಿದ್ದ, ತಮ್ಮ ಮೋಸ ಮಾಡಿದ್ದ. ಸಾಲದೆಂಬಂತೆ ಆ ಖಾಲಿ ತಟ್ಟೆಯೂ ಮೋಸ ಮಾಡಿತ್ತು.

ಅವಳು ಕೂರಲಿಲ್ಲ, ಅಳಲಿಲ್ಲ. ಹಿಡಿದ ಕೈ ಬಿಡದೆ, ಹಿಂದೆ ರಸ್ತೆ ದಾಟಿಸುತ್ತಿದ್ದ ಹಾಗೆಯೇ ತಮ್ಮನನ್ನು ಎಳೆದುಕೊಂಡು ಹೋಗಿ, ಫೋನು ಹಿಡಿದು ದೊಡ್ಡ ಡಾಕ್ಟರ ಬೈಗುಳ ಕೇಳುತ್ತಿದ್ದ ಡಾಕ್ಟರಮ್ಮನ ಮುಂದೆ ನಿಲ್ಲಿಸಿದಳು.

"ನಾನು ಆಣೆ ಮಾಡಿದ್ದು ಸುಳ್ಳು ಡಾಕ್ಟರಮ್ಮ. ನಿಜ ಇವನು ಹೇಳ್ತಾನೆ. ಹೇಳೋ. ಮಾತ್ರೆ ಹೆಸರು, ಎಷ್ಟು, ಯಾವಾಗಿಂದ, ಒಂದೂ ಬಿಡದೆ ಹೇಳು."

ತಮ್ಮ ಹೇಳಿದ. ಡಾಕ್ಟರಮ್ಮ ಅವನನ್ನು ಬೈಯಲೂ ಇಲ್ಲ, ಫೋನಿನಲ್ಲಿ ಎರಡು ಮಾತು ಹೇಳಿ, ಆ ಕಡೆಯಿಂದ ಹ್ಞೂಂ ಎಂದದ್ದು ಕೇಳಿಸಿದ್ದೇ ಒಳಗೆ ಓಡಿದರು. ಕಡ್ಡಿಯಂಥ ಜೀವ ಅಷ್ಟು ಜೋರಾಗಿ ಓಡಬಲ್ಲದು ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಒಂದು ಪುಟ್ಟ ಇಂಜೆಕ್ಷನ್ನು ನರಕ್ಕೆ ಇಳಿಯಿತು. ಇಷ್ಟು ಸಣ್ಣದಕ್ಕೆ ಇಷ್ಟೆಲ್ಲ ಮೋಸವೇ ಅನ್ನಿಸುವಷ್ಟು ಪುಟ್ಟದು.

ಸಂಜೆಯ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಒತ್ತಡ ಮೆಲ್ಲಗೆ ಮೊಣಕಾಲೂರಿ ಎದ್ದಿತು. ಪರದೆಯ ಮೇಲಿನ ಅಂಕಿಗಳು ಅಕ್ಕನಿಗೆ ತಿಳಿಯುತ್ತಿರಲಿಲ್ಲ. ಸಿಸ್ಟರು ಒಂದು ಪಂಪನ್ನು ಕಡಿಮೆ ಮಾಡಿ, ಮಾಸ್ಕಿನ ಮೇಲಿನ ಕಣ್ಣುಗಳಲ್ಲೇ ನಕ್ಕದ್ದು ತಿಳಿಯಿತು. ಇದು ಪವಾಡವೇನಲ್ಲ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಸೋಂಕಿನ ಔಷಧಿ ನಡೆಯಬೇಕು, ಸತ್ತ ಚರ್ಮ ತೆಗೆಯಬೇಕು, ಹೊಸದು ಹಚ್ಚಬೇಕು, ಈ ಸ್ಟೀರಾಯ್ಡನ್ನೂ ಇನ್ನು ಮುಂದೆ ಲೆಕ್ಕ ಹಾಕಿ ಇಳಿಸುತ್ತ ಬರಬೇಕು. ಆದರೂ ಅವನು ಬದುಕಿದ. ಅಕ್ಕ ಅದಕ್ಕಾಗಿ ಕೈ ಮುಗಿದಳು, ಈ ಸಲ ಸರಿಯಾದ ಮೂಟೆಗೇ.

ಬದುಕಿದ ಎಂದು ಖಚಿತವಾದ ಮೇಲೆ ಅವಳ ಸಂಕಟ ಶುರುವಾಯಿತು. ಮೆಸ್ಸು ತೆರೆದಳು, ಒಲೆ ಹಚ್ಚಿದಳು. ಜೀವಮಾನದಲ್ಲಿ ಉಪ್ಪು ನೋಡಲು ಸೌಟು ನೆಕ್ಕಿದವಳಲ್ಲ, ಹಬೆಯ ವಾಸನೆಯಲ್ಲೇ ಹಿಡಿಯುತ್ತಿದ್ದವಳು. ಈಗ ನೆಕ್ಕಿ ನೋಡಿದಳು. ಚೆನ್ನಾಗಿದೆಯೋ ಇಲ್ಲವೋ ತಿಳಿಯಲೇ ಇಲ್ಲ. ಮತ್ತೆ ನೆಕ್ಕಿದಳು, ಆಗಲೂ ಇಲ್ಲ. ಇಷ್ಟು ವರ್ಷ ಚೆನ್ನಾಗಿದೆ ಎಂದು ತಟ್ಟೆ ಖಾಲಿ ಮಾಡಿ ತೋರಿಸಿದ್ದು ಒಂದು ಬಿಳಿ ಮಾತ್ರೆ. ಗಿರಾಕಿಗಳು ಬಂದದ್ದು ಆ ಮಾತ್ರೆಯ ಮುಖ ನೋಡಿ. ಇದರಲ್ಲಿ ಅವಳ ಕೈಯದು ಎಷ್ಟು?

ತಮ್ಮ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತ. ಇಲಾಖೆಯವರು ಅಂಗಡಿಗೆ ಬೀಗ ಜಡಿದು ಹೋಗಿದ್ದರು. ಅವನ ಮುಖವೂ ಮುಚ್ಚಿದ ಅಂಗಡಿಯಂತೆಯೇ ಇತ್ತು.

"ಬನ್ನಿ, ಕೂತ್ಕೊಳ್ಳಿ," ಎಂದಳು ಅಕ್ಕ. "ಏನು ಬಡಿಸ್ಲಿ ನಿಮಗೆ?"

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹುಟ್ಟಿದಾಗಿನಿಂದ ಬಾರೋ, ಹೋಗೋ ಎಂದವಳ ಬಾಯಲ್ಲಿ ಬಂದ ಆ ನಿಮಗೆ ಎಂಬುದನ್ನು ಕೇಳಿ, ಬೆಂಚಿನಲ್ಲಿ ಕೂತು, ಮುಂದಿದ್ದ ತಟ್ಟೆಯ ಮೇಲೆ ಬಗ್ಗಿ ಬಿಕ್ಕಿ ಬಿಕ್ಕಿ ಅತ್ತ. ಅವಳು ಪಕ್ಕದ ಮೇಜಿಗೆ ನೀರು ಇಡಲು ಹೋದಳು.

ಕೊನೆಗೆ ಗಂಡನ ಗಂಟಲಿನ ಕೊಳವೆ ತೆಗೆದರು. ಅಕ್ಕ ಹೋದಾಗ ಸಿಸ್ಟರು ಬೇರೆ ಹಾಸಿಗೆಯ ಕೆಲಸದಲ್ಲಿದ್ದರು. ಆಸ್ಪತ್ರೆಯ ಸೂಪಿನ ಬಟ್ಟಲನ್ನು ಅಕ್ಕನ ಕೈಗೆ ಕೊಟ್ಟು, ಸ್ವಲ್ಪ ಸ್ವಲ್ಪವೇ ಕುಡಿಸಿ ಎಂದರು. ಊತ ಇಳಿದು ಹೋಗಿತ್ತು, ಕೆನ್ನೆಯೂ ಅರ್ಧಕ್ಕರ್ಧ ಇಳಿದಿತ್ತು. ಹುಣ್ಣಿಮೆ ಎಂದು ಕರೆದರೆ ಯಾರೂ ನಂಬುತ್ತಿರಲಿಲ್ಲ. ಅವನು ಕಣ್ಣು ತೆರೆದು ಅವಳನ್ನು ನೋಡಿದ. ನೋಡಿದ್ದು ಟೋಪಿ, ಮಾಸ್ಕು, ನೀಲಿ ಗೌನು. ಅವಳು ಚಮಚ ಹಿಡಿದಳು, ಅವನು ಬಾಯಿ ತೆರೆದ. ಒಂದಷ್ಟು ಚಮಚದ ನಂತರ ಮುಖ ಪಕ್ಕಕ್ಕೆ ತಿರುಗಿಸಿದ.

"ಸಾಕು ಸಿಸ್ಟರ್."

ಅಕ್ಕನ ಕೈಯಲ್ಲಿ ಚಮಚ ಹಾಗೇ ನಿಂತಿತು. ಅವನು ಉಸಿರು ಹಿಡಿದು ಹಿಡಿದು ಮಾತಾಡಿದ.

"ಆ ಮಾತ್ರೆ ವಿಷಯ ಡಾಕ್ಟರಿಗೆ ಗೊತ್ತಾಗಿದೆಯಂತೆ. ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡಿ. ಎಲ್ಲ ತನ್ನ ಅಡುಗೆಯಿಂದ ಆದದ್ದು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದಾಳೆ ಪಾಪ."

ಮದುವೆಯಾದಾಗಿನಿಂದ ಅವಳು ಮೆಲ್ಲಗೆ ಮಾತಾಡಿದ್ದನ್ನು ಅವನು ಕೇಳಿಯೇ ಇರಲಿಲ್ಲ. ಅದಕ್ಕೇ ಈಗಲೂ ಗುರುತು ಸಿಗಲಿಲ್ಲ.

"ಅವರ ಅಡುಗೆ ಚೆನ್ನಾಗಿರುತ್ತಾ?" ಎಂದು ಮೆಲ್ಲಗೆ ಕೇಳಿದಳು.

ಅವನು ಛಾವಣಿಯನ್ನು ನೋಡುತ್ತ ನಿಜವಾಗಿಯೂ ಯೋಚಿಸಿದ. ಸುಳ್ಳು ಹೇಳುವಷ್ಟು ಶಕ್ತಿ ಅವನಲ್ಲಿ ಇರಲಿಲ್ಲ.

"ಯಾರಿಗೆ ಗೊತ್ತು ಸಿಸ್ಟರ್. ಆ ಹಸಿವಿನಲ್ಲಿ ರುಚಿ ನೋಡೋಕೆ ಪುರುಸೊತ್ತೇ ಸಿಗಲಿಲ್ಲ."

ಅವಳು ಅವನ ಬಾಯಿ ಒರೆಸಿದಳು, ಹೊದಿಕೆ ಸರಿಮಾಡಿದಳು. ಹೇಳುವುದಿಲ್ಲ ಬಿಡಿ, ಮಲಗಿ ಎಂದಳು. ಅವನು ನಿಶ್ಚಿಂತೆಯಿಂದ ಕಣ್ಣು ಮುಚ್ಚಿದ.

ವಾರ್ಡಿನ ಬಾಗಿಲು ದಾಟಿ, ಗೌನು ಬಿಚ್ಚುವ ಬೆಂಚಿನ ಮೇಲೆ ಕೂತು, ಮಾಸ್ಕು ಕೆಳಗಿಳಿಸಿ, ಬೇರೆ ಚಮಚ ಕೇಳಿ ತೆಗೆದುಕೊಂಡು ಬಟ್ಟಲಿನಲ್ಲಿ ಉಳಿದಿದ್ದ ಸೂಪನ್ನು ಬಾಯಿಗಿಟ್ಟಳು. ನಾಲಿಗೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಉಪ್ಪೇ ಹಾಕಿರಲಿಲ್ಲ. ತರಕಾರಿ ಬೇಯುವ ಮೊದಲೇ ಇಳಿಸಿದ್ದರು. ಇಷ್ಟು ದಿನಗಳ ನಂತರ, ಯಾರ ತಟ್ಟೆಯನ್ನೂ ನೋಡದೆ, ಅವಳಿಗೆ ಖಂಡಿತವಾಗಿ ಗೊತ್ತಾದದ್ದು ಅದೊಂದೇ.